ಗೇಟಮ್ಮನ ತಪಾಸಣೆ

ಸಿದ್ಧ ಉಡುಪಿನ ಕಾರ್ಖಾನೆಯೊಂದರ ಹೆಂಗಸರ ಗೇಟಿನಲ್ಲಿ ಅವಳು ಮೂವತ್ತೊಂದು ವರ್ಷ ನಿಂತಿದ್ದಳು. ಸಂಜೆ ಕೆಲಸ ಮುಗಿಸಿ ಹೊರಡುವ ಒಬ್ಬೊಬ್ಬ ಹೆಂಗಸಿನ ಚೀಲ, ಸೊಂಟ, ತಲೆಗೂದಲ ಗಂಟು ಎಲ್ಲವನ್ನೂ ತಡವಿ, ನೂಲಿನ ಉಂಡೆಯೋ ಗುಂಡಿಯ ಪೊಟ್ಟಣವೋ ಇಲ್ಲವೆಂದು ಖಾತ್ರಿಯಾದ ಮೇಲೆ ಹೊರಗೆ ಬಿಡುವುದು ಅವಳ ಉದ್ಯೋಗ. ಕಾರ್ಖಾನೆಯ ಮಾಲೀಕರು ಹಿಂಬಾಗಿಲಿನಿಂದ ಲಾರಿಗಟ್ಟಲೆ ಬಟ್ಟೆ ಸಾಗಿಸಿ ಒಂದು ದಿನ ಕಾರ್ಖಾನೆಗೇ ಬೀಗ ಹಾಕಿದರು. ಅದು ಅವಳ ಗೇಟಲ್ಲ, ಹಾಗಾಗಿ ಅವಳ ಹೊಣೆಯೂ ಅಲ್ಲ. ತನ್ನ ಗೇಟಿನಿಂದ ಒಂದು ಸೂಜಿಯೂ ಹೋಗಿಲ್ಲ ಎಂಬುದು ಅವಳ ಹೆಮ್ಮೆ. ಓಣಿಯವರೆಲ್ಲ ಅವಳನ್ನು ಗೇಟಮ್ಮ ಎಂದೇ ಕರೆಯುತ್ತಿದ್ದರು, ಎದುರಿಗೂ ಹಿಂದೆಯೂ. ಹಿಂದೆ ಕರೆಯುವಾಗ ದನಿ ಸ್ವಲ್ಪ ಬೇರೆ ಇರುತ್ತಿತ್ತು, ಅಷ್ಟೆ.

ಕಾರ್ಖಾನೆ ಮುಚ್ಚಿದ ಮೇಲೆ ತಪಾಸಣೆಗೆ ಅವಳಿಗೆ ಉಳಿದದ್ದು ಒಬ್ಬ ಸೊಸೆ. ಮಗ ಸರಕು ಹಡಗಿನಲ್ಲಿ ಬೆಸುಗೆ ಕೆಲಸದವನು. ಸಮುದ್ರಕ್ಕೆ ಹೋದರೆ ವರ್ಷದ ಮಾತು. ಸೊಸೆ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಬೆರಳ ತುದಿಯಲ್ಲಿ ಸದಾ ಅಂಟು, ಬಾಯಲ್ಲಿ ಮಾತು ಕಡಿಮೆ. ಮಾತು ಕಡಿಮೆ ಇರುವವರ ಬಗ್ಗೆ ಗೇಟಮ್ಮನ ಮೂವತ್ತೊಂದು ವರ್ಷದ ಅನುಭವ ಒಳ್ಳೆಯದೇನೂ ಆಗಿರಲಿಲ್ಲ.

ಒಂದು ಸೋಮವಾರ ಬಚ್ಚಲುಮನೆಯ ಕಸದ ಬುಟ್ಟಿಯಲ್ಲಿ ಅವಳಿಗೆ ಒಂದು ಪಟ್ಟಿ ಸಿಕ್ಕಿತು. ಔಷಧಿ ಅಂಗಡಿಯಲ್ಲಿ ಸಿಗುವ, ಬಸಿರು ಹೌದೋ ಅಲ್ಲವೋ ಹೇಳುವ ಪಟ್ಟಿ. ಅದರ ಮೇಲೆ ಎರಡು ಕೆಂಪು ಗೆರೆ.

ಗೇಟಮ್ಮ ಬಚ್ಚಲ ಕಟ್ಟೆಯ ಮೇಲೆ ಕುಳಿತು ಬೆರಳು ಮಡಿಚಿದಳು. ಮಗ ಹಡಗು ಹತ್ತಿ ಏಳು ತಿಂಗಳು. ಅವನು ಹೊರಟಾಗ ಸೊಸೆಗೆ ಎರಡು ತಿಂಗಳು ದಾಟಿತ್ತು, ನಿಜ. ಆದರೆ ಅವನು ಹೋದ ಇಪ್ಪತ್ತು ದಿನಕ್ಕೆ ರಕ್ತಸ್ರಾವವಾಗಿ ಚಿಕ್ಕಾಸ್ಪತ್ರೆಯಲ್ಲಿ ಎಲ್ಲವನ್ನೂ ತೆಗೆದು ಶುಚಿ ಮಾಡಿ ಕಳಿಸಿದ್ದರು. ಅದಾಗಿ ಆರು ತಿಂಗಳ ಮೇಲಾಯಿತು. ಮತ್ತೆ ಎರಡು ಗೆರೆ ಅಂದರೆ? ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಮಗ ಸಮುದ್ರದಲ್ಲಿ, ಗೆರೆ ಬಚ್ಚಲಲ್ಲಿ.

ಬೇರೆ ಅತ್ತೆಯಾಗಿದ್ದರೆ ಅಲ್ಲೇ ಬಾಯಿ ಬಡಿದುಕೊಳ್ಳುತ್ತಿದ್ದಳು. ಗೇಟಮ್ಮ ಹಾಗಲ್ಲ, ಕಸುಬು ಕಲಿತವಳು. ಚೀಲ ಬಿಚ್ಚುವ ಮುಂಚೆ ಕಳ್ಳಿ ಅನ್ನಬಾರದು, ಮೊದಲು ಸಾಕ್ಷಿ, ಆಮೇಲೆ ಸದ್ದು ಎಂಬುದು ಗೇಟಿನ ಮೊದಲ ಪಾಠ. ಅವಳು ಪಟ್ಟಿಯನ್ನು ಕಾಗದದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಸೊಸೆ ಮನೆಗೆ ಬಂದಾಗ ಜೇನಿನಲ್ಲಿ ಅದ್ದಿದ ದನಿಯಲ್ಲಿ ಹೇಳಿದಳು.

"ಯಾಕೋ ಮುಖ ಬಿಳಿಚಿಕೊಂಡಿದೆ ಕಣೇ. ಬುಧವಾರ ಲೇಡಿ ಡಾಕ್ಟ್ರು ಬರ್ತಾರಲ್ಲ, ಆಸ್ಪತ್ರೆಗೆ ಹೋಗಿ ಬರೋಣ. ನಾನೂ ಬರ್ತೀನಿ."

ಕೊಸರಾಡಬಹುದು, ನೆಪ ಹೇಳಬಹುದು ಎಂದುಕೊಂಡಿದ್ದಳು. ಸೊಸೆ ಅವಳ ಮುಖವನ್ನು ಒಂದು ಕ್ಷಣ ನೋಡಿ, "ಆಯ್ತತ್ತೆ, ಹೋಗೋಣ" ಅಂದಳು. ಅಂದು ಕೆಮ್ಮಿದಳು. ಎರಡು ತಿಂಗಳಿಂದ ಆ ಕೆಮ್ಮು ಬಿಟ್ಟಿರಲಿಲ್ಲ. ಕ್ಷಯ ಇರಬಹುದೆಂದು ಆಸ್ಪತ್ರೆಯವರು ಮಾತ್ರೆ ಕೊಟ್ಟು ಒಂದೂವರೆ ತಿಂಗಳಾಗಿತ್ತು. ಕಫದ ಪರೀಕ್ಷೆಯಲ್ಲಿ ಕ್ಷಯ ಸಿಕ್ಕಿರಲಿಲ್ಲ. ಆದರೆ ಇಷ್ಟು ಕ್ಷಯರೋಗಿಗಳನ್ನು ಹುಡುಕಲೇಬೇಕೆಂದು ಮೇಲಿನಿಂದ ಗುರಿ ಬಂದಿತ್ತು. ಕೆಮ್ಮಿಗಿಂತ ಗುರಿ ದೊಡ್ಡದು.

ಚಿಕ್ಕಾಸ್ಪತ್ರೆಗೆ ಲೇಡಿ ಡಾಕ್ಟರು ಬುಧವಾರ ಮಾತ್ರ ಬರುತ್ತಿದ್ದರು. ಆ ಸೀಮೆಯ ಹೆಂಗಸರ ಕಾಯಿಲೆಗಳೆಲ್ಲ ಮಂಗಳವಾರದವರೆಗೆ ತಡೆದುಕೊಂಡು ಬುಧವಾರ ಒಟ್ಟಿಗೆ ಸಾಲಿನಲ್ಲಿ ನಿಲ್ಲುತ್ತಿದ್ದವು. ತೊಂಬತ್ತು ಜನಕ್ಕೆ ಮೂರು ಗಂಟೆ. ಡಾಕ್ಟರಮ್ಮ ಕೆಟ್ಟವರಲ್ಲ. ಕತ್ತೆತ್ತಲು ಪುರುಸೊತ್ತಿಲ್ಲದವರು, ಅಷ್ಟೆ. ಗೇಟಮ್ಮ ಸೊಂಟದಿಂದ ಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು. ಸೊಸೆಯ ಕಣ್ಣು ಪಟ್ಟಿಯ ಮೇಲೆ ಹೋಯಿತು, ಅತ್ತೆಯ ಮೇಲೆ ಹೋಯಿತು, ಕಿಟಕಿಯ ಮೇಲೆ ಹೋಗಿ ನಿಂತಿತು.

"ಎರಡು ಗೆರೆ ಬಂದಿದೆ. ಒಳ್ಳೇದಾಯ್ತು. ಕಬ್ಬಿಣದ ಮಾತ್ರೆ ಬರೀತೀನಿ" ಎಂದರು ಡಾಕ್ಟರಮ್ಮ, ಬರೆಯುತ್ತಲೇ.

"ಎಷ್ಟು ತಿಂಗಳು ಅಂತ ಸರಿಯಾಗಿ ಹೇಳಿ ಮೇಡಂ. ನನಗೆ ತಾರೀಕು ಬೇಕು."

"ನನಗೆ ಆಗಾಗ ರಕ್ತ ಹೋಗ್ತಾನೇ ಇದೆ ಮೇಡಂ" ಎಂದಳು ಸೊಸೆ ನಡುವೆ, ಮೆಲ್ಲಗೆ. "ಆರು ತಿಂಗಳಿಂದ ನಿಂತೇ ಇಲ್ಲ. ನಾನು ಮೂರು ಸಲ ಬಂದು ಹೇಳಿದ್ದೆ."

ಡಾಕ್ಟರಮ್ಮನ ಪೆನ್ನು ನಿಂತಿತು. ಬೆಳಿಗ್ಗೆ ಎದ್ದ ಕೂಡಲೇ ಹಿಡಿದ ಮೂತ್ರ ತಂದರೆ ಸರಿಯಾಗಿ ಗೊತ್ತಾಗುತ್ತದೆ, ನಾಳೆ ಸಿಸ್ಟರ್ ಹತ್ತಿರ ಪರೀಕ್ಷೆ ಮಾಡಿಸಿ ಎಂದು ಬರೆದು, ಮುಂದಿನವರನ್ನು ಕರೆದರು.

ಮರುದಿನ ಸಿಸ್ಟರ್ ಹೊಸ ಪಟ್ಟಿ ಅದ್ದಿದರು. ಒಂದು ಗೆರೆ ಚೆನ್ನಾಗಿ ಮೂಡಿತು. ಇನ್ನೊಂದರ ಜಾಗದಲ್ಲಿ ಏನೋ ಇದೆಯೋ ಇಲ್ಲವೋ ಎಂಬಂಥ ನೆರಳು.

"ಬಸಿರಿಲ್ಲ" ಎಂದರು ಸಿಸ್ಟರ್. "ಮನೆಯಲ್ಲಿ ಮಾಡಿದ್ದು ಸುಳ್ಳಾಗಿರುತ್ತೆ."

ಗೇಟಮ್ಮ ಮತ್ತೆ ಬೆರಳು ಮಡಿಚಿದಳು. ಸೋಮವಾರ ಎರಡು, ಗುರುವಾರ ಒಂದು. ಮೂವತ್ತೊಂದು ವರ್ಷದಲ್ಲಿ ಹೀಗೆ ಕಣ್ಣೆದುರೇ ಮಾಲು ಮಾಯವಾದದ್ದನ್ನು ಅವಳು ನೋಡಿರಲಿಲ್ಲ.

"ಇನ್ನೊಂದು ಗೆರೆ ಎಲ್ಲಿಗೆ ಹೋಯ್ತು ಸಿಸ್ಟರ್?"

"ನನ್ನನ್ನ ಕೇಳಿದ್ರೆ? ಬೇಕಿದ್ರೆ ಸ್ಕ್ಯಾನ್ ಮಾಡಿಸಿ."

ಬೇಕಿತ್ತು. ಗೇಟಮ್ಮ ಅಂದೇ ಸೊಸೆಯನ್ನು ಎರಡು ಬಸ್ಸು ಬದಲಾಯಿಸಿ ಸ್ಕ್ಯಾನಿಂಗ್ ಸೆಂಟರಿಗೆ ಕರೆದುಕೊಂಡು ಹೋದಳು. ದಾರಿಯಲ್ಲಿ ಸೊಸೆಗೆ ಏದುಸಿರು ಬಂದು ಎರಡು ಕಡೆ ಕುಳಿತುಕೊಂಡಳು. ನಾಟಕ ಎಂದುಕೊಂಡಳು ಗೇಟಮ್ಮ. ಗೇಟಿನ ಹತ್ತಿರ ಬರುತ್ತಿದ್ದಂತೆ ತಲೆ ಸುತ್ತಿ ಬೀಳುವವರನ್ನು ಅವಳು ಎಷ್ಟೋ ನೋಡಿದ್ದಳು. ಸ್ಕ್ಯಾನ್ ಮಾಡುವ ಡಾಕ್ಟರು ಹೊಟ್ಟೆಯ ಮೇಲೆ ಯಂತ್ರವನ್ನು ಅತ್ತಿತ್ತ ಓಡಿಸಿ, ಗರ್ಭಕೋಶ ಸ್ವಲ್ಪ ದಪ್ಪಗಿದೆ, ಒಳಗೆ ಮಗು ಇಲ್ಲ ಎಂದರು.

"ಇಲ್ಲ ಅಂದ್ರೆ ಬಂದೇ ಇಲ್ವೋ, ಇದ್ದು ಹೋಯ್ತೋ?"

"ಅಮ್ಮಾ, ನಾನು ಏನಿದೆ ಅಂತ ಹೇಳೋನು. ಏನಿತ್ತು ಅಂತ ಹೇಳೋನಲ್ಲ." ವಿಜ್ಞಾನ ಅಡ್ಡಗೋಡೆಯ ಮೇಲೆ ದೀಪ ಇಟ್ಟು ಸುಮ್ಮನಾಯಿತು.

ಗೇಟಮ್ಮನಿಗೆ ಈಗ ಕತೆ ಸ್ಪಷ್ಟವಾಯಿತು. ಇತ್ತು, ತೆಗೆಸಿದ್ದಾಳೆ. ಸೋಮವಾರಕ್ಕೂ ಗುರುವಾರಕ್ಕೂ ನಡುವೆ, ತನ್ನ ಕಣ್ಣಿಗೆ ಮಣ್ಣೆರಚಿ. ಯಾರು ತೆಗೆದರು? ಎಲ್ಲಿ? ಚಿಕ್ಕಾಸ್ಪತ್ರೆಯಲ್ಲಿ ನಡೆಯುವುದೆಲ್ಲ ಗೊತ್ತಿರುವವನು ಲ್ಯಾಬಿನವನು ಎಂದು ಸಾಲಿನಲ್ಲಿದ್ದ ಹೆಂಗಸರು ಮಾತಾಡಿಕೊಂಡದ್ದನ್ನು ಅವಳು ಕೇಳಿಸಿಕೊಂಡಿದ್ದಳು. ಶುಕ್ರವಾರ ಬೆಳಿಗ್ಗೆ ಸೊಸೆಯನ್ನೂ, ಅವಳ ಎಲ್ಲ ಚೀಟಿಗಳಿದ್ದ ಚೀಲವನ್ನೂ ಹಿಡಿದುಕೊಂಡು ಅವನ ಬಾಗಿಲಲ್ಲಿ ನಿಂತಳು.

ಲ್ಯಾಬು ಎಂದರೆ ಜನರೇಟರಿನ ಪಕ್ಕದ ಒಂದು ಕೋಣೆ. ಒಂದು ಸೂಕ್ಷ್ಮದರ್ಶಕ, ಒಂದು ಕೈತೊಳೆಯುವ ತೊಟ್ಟಿ, ಗೋಡೆಯ ಮೇಲೆ ಇಲ್ಲಿ ಮಾಡಲಾಗುವ ಪರೀಕ್ಷೆಗಳ ಉದ್ದನೆಯ ಪಟ್ಟಿ. ಅದರಲ್ಲಿ ಮುಕ್ಕಾಲು ಪರೀಕ್ಷೆಗಳ ಮುಂದೆ 'ರಾಸಾಯನಿಕ ಇಲ್ಲ' ಎಂದು ಪೆನ್ಸಿಲಿನಲ್ಲಿ ಬರೆದಿತ್ತು. ಪೆನ್ಸಿಲು ಯಾಕೆಂದರೆ ಬಂದಾಗ ಅಳಿಸಬಹುದಲ್ಲ ಎಂಬ ಆಶೆ. ಆರು ವರ್ಷದಿಂದ ರಬ್ಬರು ಹಾಗೇ ಇತ್ತು. ಲ್ಯಾಬಿನವನು ಕಪ್ಪು ಫ್ರೇಮಿನ ಕನ್ನಡಕದ, ಸಣಕಲು ನಡುವಯಸ್ಸಿನವನು.

"ನನ್ನ ಸೊಸೆ ಹೊಟ್ಟೇಲಿ ಒಂದಿತ್ತು, ಈಗಿಲ್ಲ" ಎಂದಳು ಗೇಟಮ್ಮ ಪೀಠಿಕೆಯಿಲ್ಲದೆ. "ಸೋಮವಾರ ಎರಡು ಗೆರೆ. ಗುರುವಾರ ಒಂದು. ಸ್ಕ್ಯಾನಿನಲ್ಲಿ ಖಾಲಿ. ಗರ್ಭಕೋಶದಲ್ಲಿ ಇಲ್ಲ ಅಂದ್ರೆ ಎಲ್ಲಿಗೆ ಹೋಯ್ತು? ನನಗೆ ಅದು ಬೇಕು."

ಲ್ಯಾಬಿನವನು ಅವಳನ್ನು ನೋಡಿದ. ಆ ಆಸ್ಪತ್ರೆಯ ಡಾಕ್ಟರುಗಳು ಕೇಳಬೇಕಾಗಿದ್ದೂ ಕೇಳದೆ ಬಿಟ್ಟಿದ್ದ ಪ್ರಶ್ನೆಯನ್ನು, ಕೇಳಬಾರದ ಕಾರಣಕ್ಕೆ, ಈ ಹೆಂಗಸು ಕೇಳುತ್ತಿದ್ದಳು. ಆ ಕಾರಣ ಅವನಿಗೆ ಗೊತ್ತಾಗಲಿಲ್ಲ. ಅವನು ಕುರ್ಚಿ ಎಳೆದು ಸೊಸೆಯನ್ನು ಕೂರಿಸಿ, ಚೀಲದ ಮೇಲಿದ್ದ ಹಳೆಯ ಆಸ್ಪತ್ರೆ ಚೀಟಿಯನ್ನು ಓದಿದ.

"ಆರು ತಿಂಗಳ ಹಿಂದೆ ಬಸಿರು ಹೋಯ್ತಲ್ಲ ಅಮ್ಮಾ, ಆಗ ತೆಗೆದಿದ್ದು ಹೇಗಿತ್ತು? ಯಾರಾದ್ರೂ ಏನಾದ್ರೂ ಹೇಳಿದ್ರಾ?"

ಸೊಸೆ ನೆಲ ನೋಡುತ್ತ ಹೇಳಿದಳು. "ಆಯಾ ಹೇಳಿದ್ಲು ಸಾರ್. ಮಗು ಥರ ಏನೂ ಇರ್ಲಿಲ್ವಂತೆ. ದ್ರಾಕ್ಷಿ ಗೊಂಚಲಿನ ಹಾಗೆ ಬರೀ ಗುಳ್ಳೆಗಳಂತೆ. ನಾನು ಹೆದರಿ ಯಾರಿಗೂ ಹೇಳಲಿಲ್ಲ."

ಲ್ಯಾಬಿನವನು ಎದ್ದು, ಅವಳ ಕೈಗೆ ಒಂದು ಚಿಕ್ಕ ಡಬ್ಬಿ ಕೊಟ್ಟ. ಅವಳು ಮೂತ್ರ ತಂದುಕೊಟ್ಟಳು. ಪಟ್ಟಿ ಅದ್ದಿದ. ಸಿಸ್ಟರಿಗೆ ಬಂದಂತೆಯೇ ಒಂದು ಗೆರೆ, ಒಂದು ನೆರಳು. ಆಮೇಲೆ ಅವನು ಒಂದು ಪಾಲು ಮೂತ್ರಕ್ಕೆ ಒಂಬತ್ತು ಪಾಲು ನೀರು ಬೆರೆಸಿ ಇನ್ನೊಂದು ಪಟ್ಟಿ ಅದ್ದಿದ. ಎರಡನೇ ಗೆರೆ ಎದ್ದು ಬಂತು. ಅದಕ್ಕೆ ಮತ್ತೆ ನೀರು ಬೆರೆಸಿ ನೂರು ಪಾಲು ಮಾಡಿ ಅದ್ದಿದ. ಗೆರೆ ಕುಂಕುಮದಂತೆ ಕೆಂಪಾಯಿತು. ಸಾವಿರ ಪಾಲಾಯಿತು, ಗೆರೆ ಜಗ್ಗಲಿಲ್ಲ.

ಗೇಟಮ್ಮ ಬಾಯಿ ತೆರೆದು ನೋಡುತ್ತಿದ್ದಳು. "ಇದೇನು ಮೋಸ? ನೀರು ಹಾಕಿದಷ್ಟೂ ಹಾಲು ಗಟ್ಟಿಯಾಗುತ್ತಾ?"

"ಮೋಸವೇ ಅಮ್ಮಾ. ಬಸಿರಿನ ಹಾರ್ಮೋನು ಮಿತಿಮೀರಿ ಇದ್ರೆ ಈ ಪಟ್ಟಿಗೆ ಕಣ್ಣು ಕಟ್ಟಿಹೋಗುತ್ತೆ. ಬಾಗಿಲಲ್ಲಿ ಸಾವಿರ ಜನ ಒಟ್ಟಿಗೆ ನುಗ್ಗಿದ್ರೆ ನೀವೊಬ್ರೇ ಯಾರನ್ನ ಹಿಡೀತೀರಿ? ಹಾಗೆ. ಜನ ಕಡಿಮೆ ಮಾಡಿದ್ರೆ ಕಾಣುತ್ತೆ. ಸೋಮವಾರ ಇವರು ನೀರು ಜಾಸ್ತಿ ಕುಡಿದಿದ್ರೋ ಏನೋ, ಅದಕ್ಕೇ ಕಂಡಿತ್ತು." ಅವನು ಕನ್ನಡಕ ತೆಗೆದು ಒರೆಸಿಕೊಂಡ. "ಚೀಲದಲ್ಲಿ ಎದೆಯ ಎಕ್ಸ್‌ರೇ ಇದೆಯಾ?"

ಇತ್ತು. ಕ್ಷಯದ ಚೀಟಿಯ ಜೊತೆಗೇ ಇತ್ತು. ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಎರಡೂ ಶ್ವಾಸಕೋಶಗಳಲ್ಲಿ ದುಂಡದುಂಡಗೆ ಬಿಳಿ ಉಂಡೆಗಳು, ಯಾರೋ ಗುಂಡಿಗಳನ್ನು ಎಣಿಸಿ ಹೊಲಿದಂತೆ. ಹಾಳೆಯ ಮೂಲೆಯಲ್ಲಿ ಯಾರದೋ ದುಂಡನೆಯ ಅಕ್ಷರದಲ್ಲಿ 'ಕ್ಷಯ ಇರಬಹುದು' ಎಂದಿತ್ತು.

"ಹೇಳು ಸ್ವಾಮಿ, ಎಲ್ಲಿದೆ?" ಎಂದಳು ಗೇಟಮ್ಮ. ಅವಳ ದನಿ ಸ್ವಲ್ಪ ಇಳಿದಿತ್ತು.

"ಇಲ್ಲಿ" ಎಂದ ಅವನು, ಎದೆಯ ಚಿತ್ರದ ಮೇಲೆ ಬೆರಳಿಟ್ಟು. "ನಾನು ಡಾಕ್ಟ್ರಲ್ಲ. ನಾನು ಹೇಳಿದೆ ಅಂತ ಎಲ್ಲೂ ಹೇಳಬೇಡಿ. ಕೆಲವು ಸಲ ಬಸಿರು ಮಗುವಾಗದೆ ಹೀಗೆ ಗುಳ್ಳೆ ಕಟ್ಟುತ್ತೆ. ತೆಗೆದ ಮೇಲೂ ಚೂರು ಉಳೀಬಹುದು. ಅದು ಅಪರೂಪಕ್ಕೆ ಕ್ಯಾನ್ಸರ್ ಆಗಿ ರಕ್ತದ ಜೊತೆ ಶ್ವಾಸಕೋಶಕ್ಕೆ ಹೋಗುತ್ತೆ. ಅದಕ್ಕೇ ತೆಗೆದ ಮೇಲೆ ವಾರ ವಾರ ರಕ್ತ ನೋಡ್ಬೇಕು. ಇಲ್ಲಿ ಆ ಪರೀಕ್ಷೆ ಇಲ್ಲ, ಅದಕ್ಕೆ ಯಾರೂ ಬರೆಯೋದೂ ಇಲ್ಲ."

"ಹೊಸ ಬಸಿರಲ್ವಾ ಹಾಗಾದ್ರೆ?"

"ಹೊಸದು ಎಲ್ಲಿಂದ ಬರುತ್ತೆ? ಇದು ಆ ಹಳೇದೇ. ನಿಮ್ಮ ಮಗನದೇ."

ಗೇಟಮ್ಮ ಗೋಡೆಯ ಪಟ್ಟಿಯನ್ನು ಓದುವವಳಂತೆ ಆ ಕಡೆ ತಿರುಗಿದಳು. ಒಂದು ಸಲ ಗೇಟಿನಲ್ಲಿ ಒಬ್ಬ ಹುಡುಗಿಯನ್ನು, ಕಸೂತಿ ಪಟ್ಟಿಯ ಸುರುಳಿ ಕದ್ದಳೆಂದು, ಎಲ್ಲರೆದುರು ನಿಲ್ಲಿಸಿ ಹುಡುಕಿದ್ದಳು. ಸುರುಳಿ ಮರುದಿನ ಯಂತ್ರದ ಕೆಳಗೆ ಸಿಕ್ಕಿತ್ತು. ಆ ಹುಡುಗಿಗೆ ಅವಳು ಏನೂ ಹೇಳಿರಲಿಲ್ಲ. ಕಾರ್ಖಾನೆಯಲ್ಲಿ ಅದಕ್ಕೊಂದು ಕಾನೂನಿರಲಿಲ್ಲ. ಸೊಸೆ ಕೆಮ್ಮುತ್ತಿದ್ದಳು. ಕರವಸ್ತ್ರದಲ್ಲಿ ನಸುಗೆಂಪು ಕಂಡಿತು. ಅದು ಎಷ್ಟು ದಿನದಿಂದ ಹಾಗೆ ಬರುತ್ತಿತ್ತೋ. ಗೇಟಮ್ಮ ತಲೆದಿಂಬಿನ ಅಡಿ, ಪೆಟ್ಟಿಗೆಯ ತಳ ಎಲ್ಲ ತಡವಿ ನೋಡಿದ್ದಳು, ಕರವಸ್ತ್ರ ಒಂದನ್ನು ಬಿಟ್ಟು.

"ಇದಕ್ಕೆ ಔಷಧಿ ಇದೆಯಾ?"

"ಇದೆ. ವಾಸಿಯಾಗೋ ಕ್ಯಾನ್ಸರ್ ಅಂತಾರೆ ಇದನ್ನ. ಆದ್ರೆ ಬೇಗ ದೊಡ್ಡಾಸ್ಪತ್ರೆಗೆ ಹೋಗ್ಬೇಕು. ಇಲ್ಲಿಂದ ಚೀಟಿ ಇಲ್ಲದೆ ಅಲ್ಲಿ ಒಳಗೆ ಬಿಡಲ್ಲ."

ಚೀಟಿ ಕೊಡಬೇಕಾದವರು ಮುಖ್ಯ ವೈದ್ಯಾಧಿಕಾರಿಗಳು. ಅವರ ಕೋಣೆಯಲ್ಲಿ ಎರಡು ಫ್ಯಾನು, ಗಾಜಿನ ಮೇಜು, ಮೇಜಿನ ಗಾಜಿನ ಅಡಿಯಲ್ಲಿ ಅವರದೇ ಎಂಟು ಭಾವಚಿತ್ರಗಳು. ಗೇಟಮ್ಮ ಹೇಳಿದ್ದನ್ನು ಅವರು ಕಣ್ಣು ಮುಚ್ಚಿ ಕೇಳಿದರು. ಕಣ್ಣು ಮುಚ್ಚಿ ಕೇಳುವುದು ಅವರ ಗಾಂಭೀರ್ಯ.

"ಮೂತ್ರಕ್ಕೆ ನೀರು ಬೆರೆಸಿ ಕ್ಯಾನ್ಸರ್ ಕಂಡುಹಿಡಿದ್ರಾ? ಯಾರವನು?"

"ಯಾರೂ ಅಲ್ಲ. ನಾನೇ ಬೆರೆಸಿದೆ" ಎಂದಳು ಗೇಟಮ್ಮ.

ಅವರು ಕಣ್ಣು ತೆರೆದರು. "ನೋಡಿ ಅಮ್ಮಾ, ತಿಂಗಳ ವರದಿಯಲ್ಲಿ ನಲವತ್ತೆರಡು ಕಾಯಿಲೆಗೆ ಕಾಲಮ್ಮಿದೆ. ನೀವು ಹೇಳೋದಕ್ಕೆ ಇಲ್ಲ. ಕ್ಷಯ ಅಂತ ನೋಂದಣಿ ಆಗಿದೆ, ಮಾತ್ರೆ ನಡೀತಾ ಇದೆ. ನಡುವೆ ಬಿಟ್ರೆ ನನ್ನ ಅಂಕಿ ಕೆಡುತ್ತೆ. ಕ್ಯಾನ್ಸರ್ ಅಂತ ಬರೀಬೇಕು ಅಂದ್ರೆ ತೆಗೆದ ತುಂಡಿನ ವರದಿ ಬೇಕು. ಆರು ತಿಂಗಳ ಹಿಂದೆ ತೆಗೆದಿದ್ದನ್ನ ಪರೀಕ್ಷೆಗೆ ಕಳಿಸಿದೀವಿ. ವರದಿ ಬರ್ಲಿ, ಆಮೇಲೆ ನೋಡೋಣ."

"ಕಳಿಸಿದ್ದೀರಾ?"

"ರಿಜಿಸ್ಟರಿನಲ್ಲಿದೆ."

ಕಳಿಸಿದೆ ಎನ್ನುವವರನ್ನು ಗೇಟಮ್ಮ ಮೂವತ್ತೊಂದು ವರ್ಷ ಕಂಡಿದ್ದಳು. ಒಳಗೆ ಬಂದದ್ದನ್ನು ಬರೆದ ಪುಸ್ತಕ ಒಂದಿದ್ದರೆ, ಹೊರಗೆ ಹೋದದ್ದನ್ನು ಬರೆದ ಪುಸ್ತಕ ಇನ್ನೊಂದಿರಬೇಕು. ಅವಳು ಗುಮಾಸ್ತೆಯ ಹತ್ತಿರ ಹೋಗಿ, ಹೊರಗೆ ಕಳಿಸಿದ ಟಪಾಲಿನ ಪುಸ್ತಕ ಕೇಳಿದಳು. ಗುಮಾಸ್ತೆ ಕೊಡುವುದಿಲ್ಲ ಎಂದಳು. ಗೇಟಮ್ಮ ತೆಗೆದುಕೊಂಡಳು. ಸೊಸೆಗೆ ಶುಚಿ ಮಾಡಿದ ತಿಂಗಳು ಆಸ್ಪತ್ರೆಯಿಂದ ಹೊರಗೆ ಹೋದದ್ದು ಮೂರು ರಜೆ ಅರ್ಜಿ, ಕುರ್ಚಿ ಬೇಕೆಂಬ ಒಂದು ಬೇಡಿಕೆ ಮತ್ತು ಮುಖ್ಯ ವೈದ್ಯಾಧಿಕಾರಿಗಳ ವರ್ಗಾವಣೆ ರದ್ದತಿಯ ಮನವಿ. ತುಂಡು ಇರಲಿಲ್ಲ. ಆಯಾಳನ್ನು ಹಿಡಿದು ಕೇಳಿದಾಗ, ಅವಳು ಅತ್ತಿತ್ತ ನೋಡಿ ಹೆರಿಗೆ ಕೋಣೆಯ ಗೋಡೆ ಬೀರುವನ್ನು ತೋರಿಸಿದಳು. ಅಲ್ಲಿ, ಸಿಬ್ಬಂದಿಯ ಚಹಾದ ಸಕ್ಕರೆ ಡಬ್ಬದ ಹಿಂದೆ ಒಂದು ಗಾಜಿನ ಬಾಟಲಿ. ಮೇಲೆ ಸೊಸೆಯ ಹೆಸರು, ವಯಸ್ಸು, ತಾರೀಕು. ಒಳಗೆ ಒಣಗಿ ಕಪ್ಪಾದ, ಏನೂ ಅಲ್ಲದ ಏನೋ ಒಂದು. ಕೆಡದಂತೆ ಇಡುವ ದ್ರಾವಣ ಆಗ ಇರಲಿಲ್ಲವಂತೆ. ಬಂದ ಮೇಲೆ ಹಾಕೋಣವೆಂದು ಇಟ್ಟರಂತೆ. ಸಕ್ಕರೆ ಮಾತ್ರ ಅದರ ಮುಂದೆ ಎಷ್ಟೋ ಸಲ ಖಾಲಿಯಾಗಿ ತುಂಬಿತ್ತು.

ಗೇಟಮ್ಮ ಬಾಟಲಿಯನ್ನು ತಂದು ಎಂಟು ಭಾವಚಿತ್ರಗಳ ನಡುವೆ ಇಟ್ಟಳು.

"ನಿಮ್ಮ ವರದಿ ಬಂದಿದೆ ಸಾರ್."

ಸಾಹೇಬರು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ಇದು ಸೂಕ್ಷ್ಮ ವಿಷಯ, ಸೋಮವಾರ ಸಮಿತಿ ಕರೆದು ಚರ್ಚಿಸಬೇಕು, ಈಗ ತಮಗೆ ಮೀಟಿಂಗಿದೆ ಎಂದು ಬ್ಯಾಗು ಎತ್ತಿಕೊಂಡು ಎದ್ದರು.

ಆಮೇಲೆ ನಡೆದದ್ದನ್ನು ಆ ಆಸ್ಪತ್ರೆಯವರು ಬಹಳ ದಿನ ಮಾತಾಡಿಕೊಂಡರು. ಗೇಟಮ್ಮ ಬಾಗಿಲಿಗೆ ಹೋಗಿ, ಎರಡೂ ಕಾಲು ಅಗಲಿಸಿ, ಸೆರಗು ಬಿಗಿದು ನಿಂತಳು. ಆ ನಿಲುವಿಗೆ ಮೂವತ್ತೊಂದು ವರ್ಷದ ಬೆಲೆಯಿತ್ತು. ಎರಡು ಸಾವಿರ ಹೆಂಗಸರು ಆ ನಿಲುವನ್ನು ನೋಡಿ ತಾವಾಗಿಯೇ ಕೈಯೆತ್ತಿ ನಿಲ್ಲುತ್ತಿದ್ದರು.

"ಬ್ಯಾಗ್ ತೆರೀರಿ ಸಾರ್."

"ಏನಂದೆ?"

"ತೆರೀರಿ. ನನ್ನ ಸೊಸೆ ಚೀಟಿ ಒಳಗಿದ್ರೆ ಹೋಗ್ಬಹುದು. ಇಲ್ಲದಿದ್ರೆ ಇಲ್ಲಿಂದ ಒಂದು ಸೂಜಿಯೂ ಹೋಗಲ್ಲ."

ಬುಧವಾರವಲ್ಲದಿದ್ದರೂ ಪಡಸಾಲೆಯ ತುಂಬ ಜನವಿತ್ತು. ಮೊದಲು ಒಬ್ಬಳು ನಕ್ಕಳು, ಆಮೇಲೆ ಬೆಂಚಿಗೆ ಬೆಂಚೇ ನಕ್ಕಿತು. ಯಾರೋ ಫೋನೆತ್ತಿ ಚಿತ್ರ ತೆಗೆಯಲು ಶುರುಮಾಡಿದರು. ಎಕ್ಸ್‌ರೇ ನೋಡಿ ಅಲುಗದ, ಬಾಟಲಿ ನೋಡಿ ಅಲುಗದ ಮುಖ್ಯ ವೈದ್ಯಾಧಿಕಾರಿಗಳ ವೈದ್ಯಕೀಯ ಪ್ರಜ್ಞೆ ಫೋನಿನ ಕ್ಯಾಮೆರಾ ಕಂಡದ್ದೇ ಜಾಗೃತವಾಯಿತು. ಅವರು ಹಿಂತಿರುಗಿ ಕುಳಿತು ನಾಲ್ಕು ಸಾಲು ಬರೆದು, ಸೀಲು ಒತ್ತಿದರು. 'ಹೆಚ್ಚಿನ ತಪಾಸಣೆಗಾಗಿ' ಎಂದಿತ್ತು. ಯಾವುದರ ತಪಾಸಣೆ ಎಂದು ಇರಲಿಲ್ಲ. ಅದನ್ನು ಚೀಟಿಯ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಲ್ಯಾಬಿನವನು ಬರೆದುಕೊಟ್ಟ.

ಶನಿವಾರ ಬೆಳಗಿನ ಬಸ್ಸು. ಆರು ಗಂಟೆಯ ದಾರಿ. ಸೊಸೆಗೆ ಕಿಟಕಿಯ ಪಕ್ಕ ಜಾಗ ಕೊಟ್ಟು ಗೇಟಮ್ಮ ಅತ್ತ ಕುಳಿತಳು. ಅರ್ಧ ದಾರಿಯವರೆಗೆ ಮಾತೆಂದರೆ ಇಷ್ಟೇ. ನೀರು ಬೇಕಾ, ಬೇಡ. ಕಿಟಕಿ ಹಾಕಲಾ, ಇರಲಿ. ಕೊನೆಗೆ ಗೇಟಮ್ಮನೇ ಶುರುಮಾಡಿದಳು.

"ನಾನು ಆಸ್ಪತ್ರೆಗೆ ನಡಿ ಅಂದೆನಲ್ಲ. ನಿನ್ನ ಮುಖ ಬಿಳಿಚಿಕೊಂಡಿದೆ ಅಂತ."

"ಹ್ಞೂಂ."

"ಅದಕ್ಕಲ್ಲ."

"ಗೊತ್ತತ್ತೆ."

ಗೇಟಮ್ಮ ಎದುರಿನ ಸೀಟಿನ ಕಂಬಿಯನ್ನು ಹಿಡಿದುಕೊಂಡಳು. "ಏನು ಗೊತ್ತು?"

"ನೀವು ಏನಂದುಕೊಂಡಿದ್ರಿ ಅಂತ. ಆ ಪಟ್ಟಿ ಮೇಜಿನ ಮೇಲೆ ಇಟ್ಟಾಗಲೇ ಗೊತ್ತಾಯ್ತು." ಸೊಸೆ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು. ಮಾತಿನ ನಡುವೆ ಉಸಿರಿಗೆ ನಿಲ್ಲುತ್ತಿದ್ದಳು. "ರಕ್ತ ನಿಲ್ತಿಲ್ಲವಲ್ಲ, ಹಳೇದೇ ಏನಾದ್ರೂ ಒಳಗೆ ಉಳಿದಿದೆಯೇನೋ ಅಂತ ನಾನೇ ತಂದು ನೋಡಿದ ಪಟ್ಟಿ ಅದು. ಮೈಯೆಲ್ಲ ಉರಿದುಹೋಯ್ತು. ಅಲ್ಲೇ ಎದ್ದು ಹೋಗ್ಬೇಕು ಅನ್ನಿಸ್ತು. ಆಮೇಲೆ ಯೋಚನೆ ಮಾಡಿದೆ. ನಾನು ಮೂರು ಸಲ ಒಬ್ಳೇ ಹೋಗಿ, ರಕ್ತ ನಿಲ್ತಿಲ್ಲ ಅಂದೆ. ಮೂರು ಸಲವೂ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿದ್ರು. ನೀವು ಪಕ್ಕದಲ್ಲಿ ನಿಂತು ತಾರೀಕು ಕೇಳಿದ ದಿನ ಅದೇ ಮಾತಿಗೆ ಪೆನ್ನು ನಿಂತಿತು. ನನ್ನ ಮಾತು ಯಾರೂ ಕೇಳಲ್ಲ ಅತ್ತೆ. ನಿಮ್ಮ ಜಗಳ ಕೇಳ್ತಾರೆ. ಅನುಮಾನವೋ ಏನೋ, ಇರ್ಲಿ, ಮುಗಿಯೋವರೆಗೆ ಬಿಡಲ್ಲವಲ್ಲ ಅಂತ ಸುಮ್ಮನೆ ಹಿಂದೆ ಬಂದೆ."

ಗೇಟಮ್ಮನಿಗೆ ತನ್ನನ್ನು ಯಾರೋ ತಲೆಯಿಂದ ಕಾಲಿನವರೆಗೆ ತಡವಿ, ಎಲ್ಲ ತೆಗೆದು ಹೊರಗಿಟ್ಟಂತಾಯಿತು. ತಾನು ಸೊಸೆಯನ್ನು ಎಳೆದುಕೊಂಡು ತಿರುಗುತ್ತಿದ್ದೇನೆ ಎಂದುಕೊಂಡಿದ್ದಳು. ಎಳೆದುಕೊಂಡು ತಿರುಗಿದವಳು ಸೊಸೆ.

"ಇಷ್ಟು ಮಾತು ಬರುತ್ತಾ ನಿನಗೆ?" ಎಂದಳು ಗೇಟಮ್ಮ.

"ಉಸಿರಿದ್ದಾಗ ಆಡಿರಲಿಲ್ಲ" ಎಂದಳು ಸೊಸೆ. ಅಂದು ನಕ್ಕಳು. ನಗು ಕೆಮ್ಮಾಯಿತು. ಗೇಟಮ್ಮ ಅವಳ ಬೆನ್ನಿನ ಮೇಲೆ ಕೈಯಿಟ್ಟು ಕೆಮ್ಮು ನಿಲ್ಲುವವರೆಗೆ ನೀವಿದಳು. ಆ ಕೈ ಯಾವ ಹೆಂಗಸಿನ ಮೈಮೇಲೂ ಏನನ್ನೂ ಹುಡುಕದೆ ಅಷ್ಟು ಹೊತ್ತು ಇದ್ದದ್ದು ಅದೇ ಮೊದಲು.

ದೊಡ್ಡಾಸ್ಪತ್ರೆ ದೊಡ್ಡದೇ. ಅಲ್ಲಿ ಕಳೆದುಹೋಗಲು ಇನ್ನೂ ಹೆಚ್ಚು ಕಡೆ ಅನುಕೂಲವಿತ್ತು. ಎರಡು ದಿನ ಏಳು ಕಿಟಕಿಗಳಲ್ಲಿ ನಿಂತ ಮೇಲೆ, ಮೂರನೇ ಮಹಡಿಯಲ್ಲಿ ನರೆಗೂದಲಿನ ಒಬ್ಬ ಡಾಕ್ಟರಮ್ಮ ಸಿಕ್ಕರು. ಅವರು ಮುಂಬದಿಯ ನಾಲ್ಕು ಸಾಲನ್ನು ಓದಿ, ಹಾಳೆ ತಿರುಗಿಸಿ ಪೆನ್ಸಿಲಿನ ಬರಹವನ್ನು ಎರಡು ಸಲ ಓದಿದರು.

"ಇದನ್ನ ಬರೆದವರು ಯಾರು?"

"ಯಾರೂ ಅಲ್ಲ ಮೇಡಂ."

"ಆ ಯಾರೂ ಅಲ್ಲದವರಿಗೆ ನನ್ನ ನಮಸ್ಕಾರ ಹೇಳಿ."

ರಕ್ತ ತೆಗೆದರು, ತಲೆಯಿಂದ ಹೊಟ್ಟೆಯವರೆಗೆ ಸ್ಕ್ಯಾನ್ ಮಾಡಿದರು. ರಕ್ತದಲ್ಲಿ ಐದರೊಳಗೆ ಇರಬೇಕಾದ ಆ ಹಾರ್ಮೋನಿನ ಸಂಖ್ಯೆ ಎಂಟು ಲಕ್ಷ ದಾಟಿತ್ತು. ತಲೆಗೆ ಹೋಗಿರಲಿಲ್ಲ. ಶ್ವಾಸಕೋಶದಲ್ಲಿ ಏಳು ಉಂಡೆ. ಒಣಗಿದ ಬಾಟಲಿಯ ಕತೆಯನ್ನು ಗೇಟಮ್ಮ ಹೇಳಿದಾಗ ಡಾಕ್ಟರಮ್ಮ ಹಣೆ ಒತ್ತಿಕೊಂಡರು.

"ಆಗ ಕಳಿಸಿದ್ರೆ ಒಳ್ಳೇದಿತ್ತು. ಆದ್ರೆ ಈಗ ಈ ಕಾಯಿಲೆಗೆ ತುಂಡು ಬೇಕಾಗೇ ಇಲ್ಲ. ಚುಚ್ಚಿ ತೆಗೆಯೋಕೆ ಹೋದ್ರೆ ರಕ್ತ ನಿಲ್ಲಲ್ಲ. ಸಂಖ್ಯೆ ಸಾಕು. ಇದೇ ಇನ್ನೊಂದು ತಿಂಗಳು ಕ್ಷಯದ ಮಾತ್ರೆ ನುಂಗಿಕೊಂಡು ಕೂತಿದ್ರೆ ನಾನು ನಿಮಗೆ ಬೇರೆ ಮಾತು ಹೇಳಬೇಕಾಗ್ತಿತ್ತು."

"ಈಗ ಏನು ಹೇಳ್ತೀರಿ?"

"ಹತ್ತು ಜನರಲ್ಲಿ ಒಂಬತ್ತು ಜನ ವಾಸಿಯಾಗಿ ಮನೆಗೆ ಹೋಗ್ತಾರೆ."

"ಹತ್ತನೆಯವಳು ಇವತ್ತು ಬರಲ್ಲ" ಎಂದಳು ಗೇಟಮ್ಮ, ತಾನು ಬಾಗಿಲಲ್ಲಿ ನಿಂತು ತಡೆದವಳಂತೆ.

ಮಗನಿಗೆ ಫೋನಿನಲ್ಲಿ ಹೇಳಿದ್ದು ಅವಳೇ. ಅವನು ಅಳುತ್ತ, ಮುಂದಿನ ಬಂದರಿನಲ್ಲಿ ಇಳಿದು ಬಂದುಬಿಡುತ್ತೇನೆ ಅಂದ. ಬಾ, ನಿನ್ನ ಹೆಂಡತಿ ಹತ್ತಿರ ಇರು, ಬೆಸುಗೆ ಹಾಕೋಕೆ ಇಲ್ಲೂ ಜಾಗ ಇದೆ ಎಂದಳು. ಅವನು ಬರುವುದಕ್ಕೆ ಏಳು ವಾರ ಬೇಕಾಯಿತು. ಅಷ್ಟರಲ್ಲಿ ಸೊಸೆಯ ತಲೆಗೂದಲು ಉದುರಿತ್ತು, ಬಾಯಿ ತುಂಬ ಹುಣ್ಣಾಗಿತ್ತು, ತಣ್ಣನೆಯ ಗಂಜಿ ಬಿಟ್ಟು ಬೇರೇನೂ ಇಳಿಯುತ್ತಿರಲಿಲ್ಲ. ಸಂಖ್ಯೆ ಮಾತ್ರ ಇಳಿಯುತ್ತಿತ್ತು. ಎಂಟು ಲಕ್ಷ ತೊಂಬತ್ತು ಸಾವಿರಕ್ಕೆ, ತೊಂಬತ್ತು ಸಾವಿರ ನಾಲ್ಕು ಸಾವಿರಕ್ಕೆ. ಒಂದು ವಾರ ಹಠ ಹಿಡಿದು ಕೂತಿತು. ಆ ವಾರ ಗೇಟಮ್ಮ ಲ್ಯಾಬಿನ ಕಿಟಕಿಯವರ ಜೊತೆ ಜಗಳವಾಡಿದಳು, ಅವರದೇನೂ ತಪ್ಪಿರದಿದ್ದರೂ. ಮತ್ತೆ ಇಳಿಯಿತು. ಐದನೇ ತಿಂಗಳ ಕೊನೆಯಲ್ಲಿ ಮೂರಕ್ಕೆ ಬಂತು. ಆಮೇಲೂ ಕೆಲವು ವಾರ ಔಷಧಿ ಹಾಕಿ, ಇನ್ನು ಒಂದು ವರ್ಷ ತಿಂಗಳಿಗೊಮ್ಮೆ ರಕ್ತ ತೋರಿಸಿ, ಅಲ್ಲಿಯವರೆಗೆ ಬಸಿರು ಬೇಡ ಎಂದು ಕಳಿಸಿದರು.

ಚಿಕ್ಕಾಸ್ಪತ್ರೆ ಈ ನಡುವೆ ಕೈಕಟ್ಟಿ ಕೂತಿರಲಿಲ್ಲ. ಅಪರೂಪದ ಕ್ಯಾನ್ಸರನ್ನು ಸಕಾಲದಲ್ಲಿ ಪತ್ತೆ ಮಾಡಿದ್ದಕ್ಕೆ ಮುಖ್ಯ ವೈದ್ಯಾಧಿಕಾರಿಗಳಿಗೆ ಶಾಲು ಸಿಕ್ಕಿತು, ಮೇಜಿನ ಗಾಜಿನ ಅಡಿಗೆ ಒಂಬತ್ತನೇ ಭಾವಚಿತ್ರ ಬಂತು. ಒಬ್ಬಳೇ ರೋಗಿಗೆ ನಾಲ್ಕು ಪಟ್ಟಿ ಖರ್ಚು ಮಾಡಿದ್ದೇಕೆ ಎಂದು ಲ್ಯಾಬಿನವನಿಗೆ ನೋಟಿಸು ಬಂತು. ಅವನು ಉತ್ತರದಲ್ಲಿ ಏನು ಬರೆದನೋ ಗೊತ್ತಿಲ್ಲ. ಗೇಟಮ್ಮ ಒಮ್ಮೆ ಹೋಗಿ ದೊಡ್ಡಾಸ್ಪತ್ರೆಯ ನಮಸ್ಕಾರ ಮುಟ್ಟಿಸಿದಳು. ಅವನು ನಾಚಿಕೊಂಡು, ಮೂತ್ರಕ್ಕೆ ನೀರು ಬೆರೆಸಿ ಪಟ್ಟಿ ಅದ್ದಿ ನೋಡುವುದನ್ನು ಈಗ ಸಿಸ್ಟರೂ ಕಲಿತಿದ್ದಾರೆ ಎಂದಷ್ಟೇ ಹೇಳಿದ.

ವರ್ಷ ಮುಗಿದ ದಿನ ಮೂವರೂ ದೊಡ್ಡಾಸ್ಪತ್ರೆಗೆ ಹೋಗಿದ್ದರು. ಸೊಸೆಯ ತಲೆಯ ಮೇಲೆ ಗಿಡ್ಡ ಕೂದಲು ಸೊಂಪಾಗಿ ಬಂದಿತ್ತು. ನರೆಗೂದಲಿನ ಡಾಕ್ಟರಮ್ಮ ಸಂಖ್ಯೆ ನೋಡಿ, ಕಡತ ಮುಚ್ಚಿ, ಇನ್ನು ಮಗು ಬೇಕಿದ್ದರೆ ಯೋಚನೆ ಮಾಡಬಹುದು ಎಂದರು. ಮಗ ಹೆಂಡತಿಯ ಮುಖ ನೋಡಿದ. ಹೆಂಡತಿ ಅಂಟು ಹೋದ ತನ್ನ ಬೆರಳ ತುದಿಗಳನ್ನು ನೋಡಿಕೊಂಡಳು.

"ಈಗ್ಲೇ ಬೇಡ ಮೇಡಂ. ಮೊದಲು ಅಂಗಡಿಗೆ ಹೋಗ್ತೀನಿ. ಕೆಲಸ ಬಹಳ ಉಳಿದಿದೆ. ಆಮೇಲೆ ಬೇಕೋ ಬೇಡ್ವೋ ಅಂತ ನೋಡ್ತೀನಿ."

ಗೇಟಮ್ಮ ಬಾಯಿ ತೆರೆದಳು. ವಯಸ್ಸು ಎಷ್ಟಾಯಿತು, ಓಣಿಯವರು ಏನಂದಾರು, ಮನೆಗೊಂದು ಕೂಸು ಬೇಡವೇ ಎಂಬುದೆಲ್ಲ ನಾಲಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತಿತ್ತು. ಮೂವರೂ ಅವಳನ್ನು ನೋಡುತ್ತಿದ್ದರು. ಅವಳು ಬಾಯಿ ಮುಚ್ಚಿಕೊಂಡು, ಚೀಟಿಗಳ ಚೀಲವನ್ನು ಹೆಗಲಿಗೇರಿಸಿ, ಬಸ್ಸಿಗೆ ಹೊತ್ತಾಗುತ್ತದೆ ಏಳಿ ಎಂದಳು.